ಇಬ್ರಾಹಿಂ ಮಿರ್ಜಾನ ಪುಟ: ಅಂಚು ಕೊನೆಗೂ ಕೂತಿತು

ಎರಡು ಕಾಗದ ಸೇರಿಸುವ ಬೆಸುಗೆ ಕೂತಿದೆ! ಬೆರಳಾಡಿಸಿದರೆ ಏರುತಗ್ಗು ತಿಳಿಯುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೂ ನೆರಳು ಬೀಳುವುದಿಲ್ಲ. ಕಾಗದಕ್ಕೆ ಬಣ್ಣ ಹಾಕಿದ್ದು, ಗಂಜಿ ಹಚ್ಚಿದ್ದು, ಅಗೇಟ್ ಕಲ್ಲಿನಿಂದ ಉಜ್ಜಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಇವತ್ತು ಒಂದೇ ಮಾತು: ಬರಹದ ಹಾಳೆಯನ್ನು ಬೇರೆ ಬಣ್ಣದ ಅಂಚಿನೊಳಗೆ ಕೂರಿಸುವುದು.

ಹೊಸಬರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಮಾಡುತ್ತಿರುವುದು 16ನೇ ಶತಮಾನದ ಇರಾನಿನ ಸಫವಿ ವಂಶದ ರಾಜಕುಮಾರ ಸುಲ್ತಾನ್ ಇಬ್ರಾಹಿಂ ಮಿರ್ಜಾ ಬರೆಯಿಸಿದ 'ಹಫ್ತ್ ಔರಂಗ್' ಹಸ್ತಪ್ರತಿಯ ಮಾದರಿಯ ಒಂದು ಪುಟ. ಪಾರ್ಸಿ ಕವಿ ಜಾಮಿಯ ಏಳು ಕಾವ್ಯಗಳು ಅದರಲ್ಲಿವೆ. ಈಗ ಅದು ವಾಷಿಂಗ್ಟನ್ನಿನ ಫ್ರಿಯರ್ ಗ್ಯಾಲರಿಯಲ್ಲಿದೆ. ಎಲ್ಲರೂ ನೋಡುವುದು ಅದರ 28 ಚಿತ್ರಗಳನ್ನು. ನನ್ನ ಕಣ್ಣು ಹೋಗುವುದು ಅಂಚಿಗೆ. ಬರಹ ಒಂದು ಕಾಗದದ ಮೇಲೆ, ಸುತ್ತಲಿನ ಬಣ್ಣದ ಅಂಚು ಇನ್ನೊಂದು ಕಾಗದ, ಅದರ ಮೇಲೆ ಚಿನ್ನ. ಎರಡೂ ಸೇರುವ ಜಾಗವನ್ನು ಬಣ್ಣದ ಗೆರೆಗಳು ಮುಚ್ಚುತ್ತವೆ.

ಆ ಗೆರೆಗಳ ಕೆಳಗೇ ಎಲ್ಲ ತೊಂದರೆ. ಅಂಚಿನ ಕಾಗದ ಬಣ್ಣ ಕುಡಿದು, ಗಂಜಿ ಕುಡಿದು ಗಟ್ಟಿಯಾಗಿರುತ್ತದೆ. ಬರಹದ ಕಾಗದ ತೆಳು. ಅಂಟು ತಾಗಿದ ಕೂಡಲೇ ತೆಳು ಹಾಳೆ ಹಿಗ್ಗುತ್ತದೆ. ಒಣಗುವಾಗ ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗುತ್ತವೆ. ಬೆಳಿಗ್ಗೆ ನೋಡಿದರೆ ನಡುವಿನ ಹಾಳೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿರುತ್ತಿತ್ತು. ಮಳೆಗಾಲದಲ್ಲಂತೂ ಕೇಳಲೇಬೇಡಿ.

ಕಾಗದದವನ ಮೇಲೂ ನನಗೆ ಸಿಟ್ಟಿದೆ. ಎರಡಕ್ಕೂ ಒಂದೇ ದಪ್ಪದ ಕೈಕಾಗದ ಬೇಕು ಅಂತ ಬಿಡಿಸಿ ಹೇಳಿದ್ದೆ. ಬಂದಿದ್ದು ಎರಡು ದಪ್ಪ. ಫೋನ್ ಮಾಡಿದರೆ "ಕೈಕಾಗದ ಅಂದ್ರೆ ಹಾಗೇ ಸಾರ್" ಅಂದ. ಇನ್ನೊಂದು ಕಡೆಯಿಂದ ಅಪ್ಪಟ ಚಿನ್ನದ ರೇಕು ಅಂತ ತರಿಸಿದ್ದು ಕೆಲವು ವಾರಗಳಲ್ಲೇ ಕಪ್ಪಾಯಿತು. ಹಿತ್ತಾಳೆ! ದುಡ್ಡು ಮಾತ್ರ ಚಿನ್ನದ್ದೇ ತಗೊಂಡಿದ್ದಾರೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ಇದು. ಅಂಟಿಸುವ ಹಿಂದಿನ ರಾತ್ರಿ ಎರಡೂ ಹಾಳೆಗಳಿಗೆ ಹಿಂಬದಿಯಿಂದ ನೀರಿನ ಹನಿ ತೆಳ್ಳಗೆ ಸಿಂಪಡಿಸಿ, ನೀರು ಹೀರುವ ಬ್ಲಾಟಿಂಗ್ ಪೇಪರ್ ನಡುವೆ ಒಟ್ಟಿಗೇ ಇಡಬೇಕು. ಬೆಳಿಗ್ಗೆ ಹೊತ್ತಿಗೆ ಎರಡೂ ಹಿಗ್ಗಿ ಒಂದು ಹದಕ್ಕೆ ಬಂದಿರುತ್ತವೆ. ಎರಡೂ ಹಾಳೆ ಸೇರುವ ಬದಿಗಳನ್ನು ಮೊದಲೇ ಸ್ಕಾಲ್ಪೆಲ್‌ನಿಂದ ಹೆರೆದಿರಬೇಕು. ಒಂದರ ಕೆಳಮೈ, ಇನ್ನೊಂದರ ಮೇಲ್ಮೈ. ಒಂದರ ಮೇಲೊಂದು ಬರುವುದು 4 ಮಿಲಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಗೋಧಿ ಹಿಟ್ಟಿನ ಅಂಟು ಗಟ್ಟಿಯಾಗಿರಲಿ. ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಹೆಚ್ಚುಕಮ್ಮಿ ಒಣ ಬ್ರಷ್ಷಿನಲ್ಲೇ ಹಚ್ಚಿ. ಆಮೇಲೆ ಭಾರ ಹೇರಿ, ಬ್ಲಾಟಿಂಗ್ ಬದಲಿಸುತ್ತಾ ನಿಧಾನವಾಗಿ ಒಣಗಿಸಿ. ಉಜ್ಜುವುದು ಮೊದಲು ಹಿಂಬದಿಯಿಂದ.

ಈ ಬೆಸುಗೆ ಮಾಡುತ್ತಾ ಹೋದಂತೆ ಇಬ್ರಾಹಿಂ ಮಿರ್ಜಾನ ಬದುಕು ನನಗೆ ಬೇರೆ ಥರ ಕಾಣತೊಡಗಿತು. ಅವನು ಹುಟ್ಟಿದ್ದು 1540ರಲ್ಲಿ. ಆಗಿನ ಇರಾನಿನ ದೊರೆ ಷಾ ತಹಮಾಸ್ಪನ ತಮ್ಮನ ಮಗ, ಮುಂದೆ ಅಳಿಯನೂ ಆದ. 1556ರಲ್ಲಿ ಮಶ್ಹದ್‌ನ ರಾಜ್ಯಪಾಲನಾದಾಗ ವಯಸ್ಸು 16. ಪುಸ್ತಕದ ಕೆಲಸ ಆ ವರ್ಷವೇ ಶುರುವಾಗಿ 1565ರವರೆಗೆ ನಡೆಯಿತು. ಬರೆದವರು ಐದು ಜನ. ಬರೆದದ್ದು ಒಂದೇ ಊರಲ್ಲಲ್ಲ, ಮಶ್ಹದ್, ಕಜ್ವೀನ್, ಹೆರಾತ್ ಮೂರರಲ್ಲಿ. ಲಿಪಿಕಾರರಲ್ಲಿ ಹೆಸರಾದ ಮಾಲಿಕ್ ದೈಲಮಿಯನ್ನು ತಹಮಾಸ್ಪ್ ನಡುವೆಯೇ ಕಜ್ವೀನ್‌ಗೆ ಕರೆಸಿಕೊಂಡ, ತನ್ನ ಹೊಸ ಕಟ್ಟಡಗಳ ಶಾಸನ ಬರೆಯಲು. ಆತ ಮಶ್ಹದ್‌ಗೆ ವಾಪಸ್ ಬರಲೇ ಇಲ್ಲ. ಆಮೇಲೆ ರಾಜಕುಮಾರನಿಗೂ ಮಶ್ಹದ್ ತಪ್ಪಿ ಕಾಯಿನ್, ಸಬ್ಜೆವಾರ್‌ನಂಥ ಚಿಕ್ಕ ಊರುಗಳು ಸಿಕ್ಕವು.

ಹೀಗೆ ಜನ ಚದುರಿದ ಮೇಲೂ ಪುಸ್ತಕ ಮುಗಿಯಿತು ಅಂದರೆ, ಅದರಲ್ಲಿ ಈ ಬೆಸುಗೆಯ ಪಾಲೂ ಇದೆ ಅಂತ ನನ್ನ ನಂಬಿಕೆ. ಬರಹ ಒಂದು ಊರಲ್ಲಿ, ಅಂಚು ಇನ್ನೊಂದು ಊರಲ್ಲಿ, ಸೇರಿಸುವುದು ಯಾವಾಗಲೋ. ಒಂದೇ ಹಾಳೆಯಲ್ಲಿ ಎಲ್ಲ ಮಾಡಲು ಹೊರಟಿದ್ದರೆ ಒಬ್ಬನ ವರ್ಗಾವಣೆಗೇ ಕೆಲಸ ನಿಲ್ಲುತ್ತಿತ್ತು, ಅಲ್ವಾ?

ರಾಜಕುಮಾರನ ಹೆಂಡತಿಯ ಬಗ್ಗೆ ಓದಿದ ಒಂದು ಮಾತು ನಿಜವೇ ಅಂತ ನೋಡಲು ಇನ್ನೊಂದು ಪರೀಕ್ಷೆ ಮಾಡಿದೆ. ಉಬ್ಬಿಹೋದ ಹಾಳೆಯೊಂದನ್ನು ನಲ್ಲಿಯ ಕೆಳಗೆ ಹಿಡಿದೆ. ಗಂಜಿ ಹಚ್ಚಿ ಉಜ್ಜಿದ ಕಾಗದದೊಳಕ್ಕೆ ಕಾಡಿಗೆ ಮಸಿ ಇಳಿಯುವುದಿಲ್ಲ, ಮೇಲೇ ಕೂತಿರುತ್ತದೆ. ನೋಡನೋಡುತ್ತಾ ಅಕ್ಷರ ನೀರಿನ ಜೊತೆ ಹರಿದುಹೋಯಿತು. ತಹಮಾಸ್ಪ್ ಸತ್ತ ಮೇಲೆ ಪಟ್ಟಕ್ಕೆ ಬಂದ ಎರಡನೇ ಇಸ್ಮಾಯಿಲ್ 1577ರ ಫೆಬ್ರವರಿಯಲ್ಲಿ ಇಬ್ರಾಹಿಂ ಮಿರ್ಜಾನನ್ನು ಕೊಲ್ಲಿಸಿದ. ಗಂಡ ಕೂಡಿಸಿಟ್ಟಿದ್ದ ಬರಹ, ಚಿತ್ರಗಳ ಸಂಪುಟ ಇಸ್ಮಾಯಿಲನ ಕೈಗೆ ಸಿಗಬಾರದು ಅಂತ ಹೆಂಡತಿ ಗೌಹರ್ ಸುಲ್ತಾನ್ ಅದನ್ನು ನೀರಲ್ಲಿ ತೊಳೆದುಹಾಕಿದಳಂತೆ. ಆ ಕಾಲದ ಇತಿಹಾಸಕಾರ ಖಾಜಿ ಅಹ್ಮದ್ ಬರೆದ ಮಾತು ಇದು. ಓದಿದಾಗ ಇದು ಆಗುವ ಮಾತೇ? ಅನಿಸಿತ್ತು. ಆಗುತ್ತದೆ, ಅದೂ ಬೇಗ. ಎಂಥ ಸಿಟ್ಟಿರಬೇಕು ಆಕೆಗೆ! ಅದೃಷ್ಟಕ್ಕೆ ಹಫ್ತ್ ಔರಂಗ್ ಉಳಿಯಿತು. ರಾಜಕುಮಾರ 'ಜಾಹಿ' ಹೆಸರಲ್ಲಿ ಬರೆದ ಕವಿತೆಗಳನ್ನು ಮಗಳು ಆಮೇಲೆ ಕೂಡಿಸಿದಳು.

ಇನ್ನು ಚಿನ್ನ ಉದುರಿಸುವುದು ಬಾಕಿ. ಈ ಸಲ ಮೈಸೂರು ಶೈಲಿಯ ಚಿತ್ರ ಬರೆಯುವವರು ಬಳಸುವ ರೇಕನ್ನೇ ತರುತ್ತೇನೆ.

ತಲೆ ಆಗಲೇ ಮುಂದಿನದಕ್ಕೆ ಓಡಿದೆ. 17ನೇ ಶತಮಾನದ ಬಿಜಾಪುರದಲ್ಲಿ ಅಬ್ರಿ ಕಾಗದದಲ್ಲೇ ಚಿತ್ರ ಮಾಡುತ್ತಿದ್ದರು. ಮಂದ ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹಿಡಿಸುವ ವಿದ್ಯೆ. ಅದನ್ನು ಅಂಚಿಗೆ ಹಾಕಬೇಕು. ಮೆಂತ್ಯ ನೆನೆಸಿ ಲೋಳೆ ತೆಗೆದಿದ್ದೇನೆ, ಆದರೆ ಸೋಸಿದರೂ ಚೂರುಗಳು ಉಳಿಯುತ್ತಿವೆ. ಯಾವ ಬಟ್ಟೆಯಲ್ಲಿ ಸೋಸುತ್ತೀರಿ, ಮಾಡಿದವರು ಹೇಳಿ.