ಇಂಪಾಲಾದ ಪವರ್‌ಗ್ಲೈಡ್ ಇಳಿಸಿ 700ಆರ್4 ಏರಿಸುವಾಗ

ಅರವತ್ತರ ದಶಕದ ಶೆವರ್ಲೆ ಇಂಪಾಲಾದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಪವರ್‌ಗ್ಲೈಡ್‌ಗೆ ಇರುವುದು ಎರಡೇ ಗೇರ್. ದಾದರ್, ಮಾಟುಂಗಾ ಸುತ್ತಲು ಅಷ್ಟು ಸಾಕು. ಊರಿಗೆ ಹೊರಟಾಗ ಬಣ್ಣ ಬಯಲಾಗುತ್ತದೆ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿ.ಮೀ. ವೇಗಕ್ಕೆ ಇಂಜಿನ್ 2,600 ಆರ್‌ಪಿಎಂ ದಾಟಿರುತ್ತದೆ. ಖಂಡಾಳಾ ಏರಿನಲ್ಲಿ ಒಂದನೇ ಗೇರ್ ಅರಚುತ್ತದೆ, ಎರಡನೆಯದು ಏದುಸಿರು ಬಿಡುತ್ತದೆ. ಅದರ ಜಾಗಕ್ಕೆ ಏರಿಸುವ ನಾಲ್ಕು ಗೇರಿನ ಆಟೊಮ್ಯಾಟಿಕ್ 700ಆರ್4ನ ಅನುಪಾತ 3.06, 1.63, 1.00, 0.70. ಡಿಫರೆನ್ಷಿಯಲ್ ಅನುಪಾತ 3.36, ಟೈರ್ ವ್ಯಾಸ 27 ಇಂಚು ಇದ್ದರೆ ನಾಲ್ಕನೇ ಗೇರಿನಲ್ಲಿ ಅದೇ ವೇಗಕ್ಕೆ ಇಂಜಿನ್ 1,800ರ ಆಸುಪಾಸು.

1985ಕ್ಕಿಂತ ಹಿಂದಿನ 700ಆರ್4 ಅಗ್ಗಕ್ಕೆ ಸಿಕ್ಕರೂ ಬೇಡ. ಅದರ 27 ಹಲ್ಲಿನ ಇನ್‌ಪುಟ್ ಶಾಫ್ಟ್ ದುರ್ಬಲ, ನಂತರದ್ದು 30 ಹಲ್ಲಿನದು. 1987ರ ಮೇಲಿನದು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಅದರ ಎಲೆಕ್ಟ್ರಾನಿಕ್ ರೂಪ 4ಎಲ್60ಇ ಕೂಡ ಕೂರುತ್ತದೆ, ಆದರೆ ಕಾರ್ಬುರೇಟರ್ ಗಾಡಿಗೆ ಬೇರೆ ಕಂಟ್ರೋಲರ್, ಥ್ರಾಟಲ್ ಸೆನ್ಸರ್ ಎಲ್ಲ ಬೇಕು. ಸ್ಮಾಲ್ ಬ್ಲಾಕ್ ವಿ8 ಆಗಲಿ, 230 ಸಿಕ್ಸ್ ಸಿಲಿಂಡರ್ ಆಗಲಿ, ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಇಂಜಿನ್‌ಗೆ ಸೇರುವ ಮುಂದಿನ ಕವಚ) ನೇರವಾಗಿ ಕೂರುತ್ತದೆ. ಹಳೆಯ 235 ಇಂಜಿನ್‌ಗೆ ಮಾತ್ರ ಅಡಾಪ್ಟರ್ ಇಲ್ಲದೆ ಆಗದು.

ಇಂಜಿನ್ ಹಿಂದಿನ ಹಲ್ಲಿನ ತಟ್ಟೆ ಫ್ಲೆಕ್ಸ್‌ಪ್ಲೇಟ್‌ನಲ್ಲಿ ಎರಡು ಅಳತೆ: 153 ಹಲ್ಲು, 168 ಹಲ್ಲು. ಸ್ಟಾರ್ಟರ್ ಅದಕ್ಕೆ ಹೊಂದಬೇಕು. ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರ್‌ನ ತೂತು ಕೂಡದಿದ್ದರೆ ಡ್ರಿಲ್ ಹಿಡಿಯಬೇಡಿ, ಎರಡೂ ಅಳತೆಗೆ ತೂತಿರುವ ಪ್ಲೇಟನ್ನೇ ತರಿಸಿ. ಕನ್ವರ್ಟರನ್ನು ತಿರುಗಿಸುತ್ತಾ ಒತ್ತಿದರೆ ಹಂತ ಹಂತವಾಗಿ ಒಳಕ್ಕೆ ಇಳಿಯುತ್ತದೆ. ಬೆಲ್‌ಹೌಸಿಂಗ್ ಬಿಗಿದ ಮೇಲೆ ಫ್ಲೆಕ್ಸ್‌ಪ್ಲೇಟಿಗೂ ಕನ್ವರ್ಟರಿಗೂ ನಡುವೆ 3ರಿಂದ 5 ಮಿ.ಮೀ. ಸಂದು ಉಳಿಯಬೇಕು, ಕನ್ವರ್ಟರ್ ಕೈಯಲ್ಲಿ ತಿರುಗಬೇಕು. ಸಂದು ಇಲ್ಲವೆಂದರೆ ಅದು ಗೇರ್‌ಬಾಕ್ಸಿನ ಎಣ್ಣೆ ಪಂಪಿನೊಳಗೆ ಕೂತಿಲ್ಲ ಎಂದರ್ಥ. ಬೋಲ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಮೊದಲ ಸ್ಟಾರ್ಟಿಗೇ ಪಂಪ್ ಹೋಯಿತು.

ಪವರ್‌ಗ್ಲೈಡ್ ಸುಮಾರು 27½ ಇಂಚು ಉದ್ದ, 700ಆರ್4 30¾. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಕ್ರಾಸ್‌ಮೆಂಬರ್ ಸುಮಾರು 2 ಇಂಚು ಹಿಂದೆ ಸರಿಯುತ್ತದೆ, ಪ್ರೊಪೆಲ್ಲರ್ ಶಾಫ್ಟ್ 3 ಇಂಚಿನಷ್ಟು ಕುಗ್ಗಬೇಕು. 1964ರವರೆಗಿನ ಎಕ್ಸ್ ಫ್ರೇಮ್ ಗಾಡಿಗಳಲ್ಲಿ ಶಾಫ್ಟ್ ಎರಡು ತುಂಡು, ಮುಂದಿನದನ್ನಷ್ಟೇ ಕತ್ತರಿಸಬೇಕು. ಪೂರ್ತಿ ಜೋಡಿಸಿ, ಗಾಡಿ ಚಕ್ರದ ಮೇಲೆ ನಿಂತಿರುವಾಗ ಅಳತೆ ತೆಗೆದು, ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ತುದಿ) ತಳ ಮುಟ್ಟುವ ಜಾಗದಿಂದ 20-25 ಮಿ.ಮೀ. ಹೊರಗಿರುವಂತೆ ಲೆಕ್ಕ ಹಾಕಿ. ಹಳೆಯ ಯೋಕ್ 27 ಹಲ್ಲಿನದೇ, ಹಾಗೇ ನಡೆಯುತ್ತದೆ. ಕತ್ತರಿಸಿದ ಮೇಲೆ ಬ್ಯಾಲೆನ್ಸ್ ಕಡ್ಡಾಯ. ಭೋಸರಿ ಕಡೆ ಲಾರಿ ಶಾಫ್ಟ್ ಮಾಡುವವರಿಗೆ ಇದು ದಿನನಿತ್ಯದ ಕೆಲಸ. ಬ್ಲಾಕಿನ ಬೋಲ್ಟ್ 3/8 ಇಂಚು, ಗೇರ್‌ಬಾಕ್ಸ್ ತಳದ ಎಣ್ಣೆ ಪ್ಯಾನಿನದು ಮೆಟ್ರಿಕ್. ಇಂಚಿನ ಬೋಲ್ಟಿಗೆ ನಾಗದೇವಿ ಸ್ಟ್ರೀಟ್ ಇದೆಯಲ್ಲ.

ಇಷ್ಟೆಲ್ಲ ಎರಡು ದಿನದ ಕೆಲಸ. ಇಂಥ ಗೇರ್‌ಬಾಕ್ಸ್‌ಗಳನ್ನು ನಿಜಕ್ಕೂ ಕೊಲ್ಲುವುದು ಬೆರಳುದ್ದದ ಒಂದು ಎಳೆತ: ಟಿವಿ ಕೇಬಲ್. ಹೆಸರು ಕೇಳಿ ದಾರಿ ತಪ್ಪಬೇಡಿ, ಅದು ಥ್ರಾಟಲ್ ವಾಲ್ವ್, ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್. ಆಕ್ಸಿಲರೇಟರ್ ಒತ್ತಿದಾಗ ಗೇರ್ ಇಳಿಸುವ ಹಳೆಯ ಕಿಕ್‌ಡೌನ್ ಕೇಬಲ್ ಇದ್ದ ಹಾಗೆ ಎಂದು ಅಂದಾಜಿಗೆ ಕಟ್ಟುವವರೇ ಹೆಚ್ಚು. ಆದರೆ ಒಳಗಿನ ಎಣ್ಣೆಯ ಒತ್ತಡವನ್ನೇ ಅದು ನಿರ್ಧರಿಸುತ್ತದೆ. ಸಡಿಲವಿದ್ದರೆ ಗೇರ್ ಬೇಗ ಬೇಗ, ಬೆಣ್ಣೆಯಂತೆ ಬೀಳುತ್ತದೆ, ಮಾಲೀಕ ಖುಷಿಯಾಗಿರುತ್ತಾನೆ, ಒಳಗೆ 3ನೇ, 4ನೇ ಗೇರಿನ ಕ್ಲಚ್ ಜಾರಿ ಸುಡುತ್ತಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಕೊನೆ ಮುಟ್ಟಬೇಕು, ಬಿಟ್ಟಾಗ ಜೋತು ಬೀಳಬಾರದು. ಇವೆರಡೂ ಒಟ್ಟಿಗೆ ಬರಬೇಕಾದರೆ ಕಾರ್ಬುರೇಟರ್ ಲಿವರಿನಲ್ಲಿ ಕೇಬಲ್ ಪಿನ್ ಸರಿಯಾದ ತ್ರಿಜ್ಯದಲ್ಲಿರಬೇಕು. ಹೋಲಿ, ಕಾರ್ಟರ್ ಕಂಪನಿಯ ಕಾರ್ಬುರೇಟರ್‌ಗಳಿಗೆ ಅದಕ್ಕೆಂದೇ ಬ್ರಾಕೆಟ್ ಬರುತ್ತದೆ. ಪ್ರೆಶರ್ ಗೇಜ್ ಹಾಕಿ ನೋಡಿ: ಐಡಲ್‌ನಲ್ಲಿ 60 ಪಿಎಸ್‌ಐ ಆಸುಪಾಸು, ಕೇಬಲ್ ಕೂದಲೆಳೆಯಷ್ಟು ಎಳೆದೊಡನೆ ಮುಳ್ಳು ಏರತೊಡಗಬೇಕು. ಗೇಜ್ ಇಲ್ಲದೆ ರಸ್ತೆಗಿಳಿಸುವವರಿಗೆ ಧೈರ್ಯ ಜಾಸ್ತಿ.

ಇನ್ನೊಂದು ಶತ್ರು ಬಿಸಿ. ನಾಲ್ಕನೇ ಗೇರಿನಲ್ಲಿ ಕನ್ವರ್ಟರ್ ಲಾಕ್ ಆಗಬೇಕು, ಅಂದರೆ ಎಣ್ಣೆಯಲ್ಲಿ ಜಾರದೆ ಇಂಜಿನ್ ಜೊತೆಗೇ ತಿರುಗಬೇಕು. ಅದಕ್ಕೆ ಸೊಲೆನಾಯ್ಡಿಗೆ 12 ವೋಲ್ಟ್, ನಾಲ್ಕನೇ ಗೇರಿನ ಪ್ರೆಶರ್ ಸ್ವಿಚ್, ಬ್ರೇಕ್ ಒತ್ತಿದರೆ ಕಡಿಯುವ ಸ್ವಿಚ್ ಬೇಕು. ವೈರಿಂಗ್ ಆಮೇಲೆ ಮಾಡೋಣ ಎಂದು ಓವರ್‌ಡ್ರೈವ್‌ನಲ್ಲಿ (ಅದೇ ನಾಲ್ಕನೇ ಗೇರ್) ಓಡಿಸಿದರೆ ಎಣ್ಣೆ ಕುದಿಯುತ್ತದೆ. ಖಂಡಾಳಾ, ಕಂಬಾಟ್ಕಿ ಘಾಟ್ ಏರುವಾಗ ಲಿವರ್ 3ಕ್ಕೆ ಇಳಿಸಿ. ರೇಡಿಯೇಟರ್ ಒಳಗಿನ ಕೂಲರನ್ನು ತೊಳೆಯದೆ ಜೋಡಿಸಿದರೆ ಪವರ್‌ಗ್ಲೈಡ್‌ನ ಹಳೆಯ ಕಸ ಹೊಸ ಗೇರ್‌ಬಾಕ್ಸಿನ ವಾಲ್ವ್ ಬಾಡಿಯೊಳಗೆ ಸೇರುತ್ತದೆ. ಎಣ್ಣೆ ಮೊದಲು ರೇಡಿಯೇಟರ್, ಆಮೇಲೆ ಮುಂದೆ ಕೂರಿಸಿದ ಪ್ಲೇಟ್ ಕೂಲರ್ ದಾಟಿ ಬರಲಿ. ಪ್ಯಾನ್‌ಗೆ ಒಂದು ಟೆಂಪರೇಚರ್ ಸೆನ್ಸರ್ ಇರಲಿ, 80-90 ಡಿಗ್ರಿ ಸರಿ. ಒಣ ಕನ್ವರ್ಟರ್ ಸೇರಿ 10-11 ಲೀಟರ್ ಡೆಕ್ಸ್‌ರಾನ್ 3 ಎಣ್ಣೆ ಹಿಡಿಯುತ್ತದೆ. 5 ಲೀಟರ್ ಸುರಿದು ಸ್ಟಾರ್ಟ್ ಮಾಡಿ, ಉಳಿದದ್ದನ್ನು ಓಡುತ್ತಿರುವಾಗಲೇ ತುಂಬಿ. ಮಟ್ಟ ನೋಡುವುದು ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ.

ಸ್ಟೇರಿಂಗ್ ಕಾಲಮ್ಮಿನ ಗೇರ್ ಲಿವರ್ ಹಾಗೇ ಉಳಿಸಿಕೊಂಡರೆ ಪ್ರತಿ ಸ್ಥಾನಕ್ಕೂ ಗೇರ್‌ಬಾಕ್ಸಿನ ಕಚ್ಚಿನಲ್ಲಿ ಅದು ಸರಿಯಾಗಿ ಕೂರುತ್ತದೆಯೇ ಎಂದು ಕೆಳಗೆ ಮಲಗಿ ನೋಡಿ. ಅರ್ಧದಲ್ಲಿ ನಿಂತರೆ ಒತ್ತಡ ಸೋರಿ ಕ್ಲಚ್ ಸುಡುತ್ತದೆ.

ಇನ್ನು ಕಾಗದಪತ್ರ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಎ ಸರಣಿಯ ವಿಂಟೇಜ್ ನೋಂದಣಿ ಬೇಕೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಚಾಸಿಗೆ ವೆಲ್ಡಿಂಗ್ ಬೇಡ, ಕ್ರಾಸ್‌ಮೆಂಬರ್ ಬೋಲ್ಟಿನಲ್ಲೇ ನಿಲ್ಲಲಿ. ಶಾಫ್ಟ್ ಕತ್ತರಿಸುವ ಬದಲು ಹೊಸದೊಂದನ್ನು ಮಾಡಿಸಿ, ಹಳೆಯದನ್ನೂ ಪವರ್‌ಗ್ಲೈಡನ್ನೂ ಎಣ್ಣೆ ಹಚ್ಚಿ, ತೂತುಗಳಿಗೆ ಮುಚ್ಚಳ ಬಡಿದು ಇಡಿ. ಕುರ್ಲಾದ ಗುಜರಿಯವನು ಎಷ್ಟೇ ಕೊಡುತ್ತೇನೆಂದರೂ ಸರಿ.