ಅಂಟಿತೋ, ಕರಗಿತೋ? ಲಿವರ್ ಪೊರೆಯಲ್ಲಿ ಲೈಂಗಿಕ ಹಾರ್ಮೋನು

ಲಿವರ್ ಕೋಶದ ಒಟ್ಟು ಪೊರೆಯಲ್ಲಿ ಹೊರಪೊರೆಯ ಪಾಲು ಸುಮಾರು 2% ಮಾತ್ರ. ಅರ್ಧದಷ್ಟು ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನದು. ಟೆಸ್ಟೋಸ್ಟಿರಾನ್, ಎಸ್ಟ್ರಾಡಿಯೋಲ್‌ಗಳನ್ನು ಹಿಡಿದು ಮಾರ್ಪಡಿಸುವ ಪಿ-450 ಕಿಣ್ವಗಳು ಹೆಚ್ಚಾಗಿ ಇರುವುದು ಅಲ್ಲೇ. ಆದರೆ ಈ ಹಾರ್ಮೋನುಗಳು ಜಿಡ್ಡಿನಲ್ಲಿ ಸಲೀಸಾಗಿ ಕರಗುತ್ತವೆ. ಹಾಗಾಗಿ ಪೊರೆಯಲ್ಲಿ ಹಾರ್ಮೋನು ಸಿಕ್ಕಿತು ಎಂದ ಮಾತ್ರಕ್ಕೆ ಅದು ಪ್ರೋಟೀನಿಗೆ ಅಂಟಿದೆ ಎನ್ನುವಂತಿಲ್ಲ.

ಇದನ್ನು ಪರೀಕ್ಷಿಸಲು ಮೊದಲು ಇಲಿಯ ಲಿವರಿನಿಂದ ಈ ಪೊರೆಯನ್ನು ಬೇರ್ಪಡಿಸಬೇಕು. ಇಲಿಯನ್ನು ರಾತ್ರಿಯಿಡೀ ಉಪವಾಸ ಇಡಬೇಕು. ಇಲ್ಲದಿದ್ದರೆ ಲಿವರ್ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಗಾಜಿನಂತೆ ತಳಕ್ಕೆ ಕೂರುತ್ತದೆ. ತಣ್ಣನೆಯ ಸಲೈನ್ ಹಾಯಿಸಿ ಲಿವರಿನ ರಕ್ತ ತೆಗೆದು, 1 ಗ್ರಾಂಗೆ 4 ಮಿ.ಲೀ. 0.25 ಮೋಲಾರ್ ಸುಕ್ರೋಸ್ ಹಾಕಿ, ಮಂಜುಗಡ್ಡೆಯ ಮೇಲೆ ಅರೆಯಿರಿ. ಸೆಂಟ್ರಿಫ್ಯೂಜಿನಲ್ಲಿ 10,000 ಜಿ (ಗುರುತ್ವದ 10,000 ಪಟ್ಟು ಬಲ) ಬರುವಂತೆ 20 ನಿಮಿಷ ತಿರುಗಿಸಿದರೆ ನ್ಯೂಕ್ಲಿಯಸ್, ಮೈಟೋಕಾಂಡ್ರಿಯಾ ಕೆಳಗಿಳಿಯುತ್ತವೆ. ಮೇಲಿನ ದ್ರವವನ್ನು 1,05,000 ಜಿಯಲ್ಲಿ ಒಂದು ಗಂಟೆ ತಿರುಗಿಸಿದಾಗ ತಳದಲ್ಲಿ ಉಳಿಯುವುದೇ ಮೈಕ್ರೋಸೋಮ್, ಅಂದರೆ ರೆಟಿಕ್ಯುಲಂ ಪೊರೆಯ ಚೂರುಗಳು. 0.15 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಕಲಕಿ ಇನ್ನೊಮ್ಮೆ ತೊಳೆಯಿರಿ. ಗಂಡು, ಹೆಣ್ಣು ಇಲಿಗಳ ಲಿವರ್ ಬೆರೆಸಲೇಬೇಡಿ: ಪಿ-450 ಕಿಣ್ವಗಳಲ್ಲಿ ಸಿವೈಪಿ2ಸಿ11 ಗಂಡಿನದು, ಸಿವೈಪಿ2ಸಿ12 ಹೆಣ್ಣಿನದು.

ಪೊರೆಯಿರುವ ಒಂದು ಟ್ಯೂಬಿಗೆ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಗುರುತಿನ ಹಾರ್ಮೋನು ಮಾತ್ರ ಹಾಕಿ, ಇನ್ನೊಂದಕ್ಕೆ ಅದರ ಜೊತೆ 200 ಪಟ್ಟು ಗುರುತಿಲ್ಲದ ಹಾರ್ಮೋನೂ ಹಾಕಿ. ಎರಡರ ವ್ಯತ್ಯಾಸವೇ ನಿಜವಾದ ಬಂಧನದ ಲೆಕ್ಕ. ಪ್ರಮಾಣ ಏರಿಸಿದಂತೆ ಈ ವ್ಯತ್ಯಾಸ ಒಂದು ಮಟ್ಟದಲ್ಲಿ ನಿಲ್ಲಬೇಕು. ಜಿಡ್ಡಿನಲ್ಲಿ ಕರಗಿದ ಪಾಲು ಮಾತ್ರ ನೇರ ಗೆರೆಯಲ್ಲಿ ಏರುತ್ತಲೇ ಹೋಗುತ್ತದೆ. ಪೊರೆಯೇ ಇಲ್ಲದ ಟ್ಯೂಬೂ ಒಂದಿರಲಿ. ಪ್ಲಾಸ್ಟಿಕ್ಕಿಗೂ ಸ್ಟಿರಾಯ್ಡ್ ಹತ್ತಿಕೊಳ್ಳುತ್ತದೆ, ಪ್ರಮಾಣ ಮಿತಿಮೀರಿದರೆ ನೀರಿನಲ್ಲಿ ಕರಗದೆ ತಾನೇ ತಳಕ್ಕಿಳಿದು ಬಂಧನದಂತೆ ಕಾಣುತ್ತದೆ.

ಹೆಚ್ಚು ಜನ ಎಡವುವುದು, ಅಂಟದ ಹಾರ್ಮೋನು ತೆಗೆಯಲು ಪೊರೆಯನ್ನು ಫಿಲ್ಟರ್ ಮೇಲೆ ಹಿಡಿದು ತೊಳೆಯುವಲ್ಲಿ. ಬಂಧನದ ಕೆಡಿ (ಅರ್ಧದಷ್ಟು ಜಾಗ ತುಂಬಲು ಬೇಕಾದ ಹಾರ್ಮೋನಿನ ಸಾಂದ್ರತೆ) 1 ಮೈಕ್ರೋಮೋಲಾರ್, ಅಂಟುವ ದರ ಸೆಕೆಂಡಿಗೆ ಪ್ರತಿ ಮೋಲಾರ್‌ಗೆ 10 ಲಕ್ಷ ಎಂದಿಟ್ಟುಕೊಳ್ಳಿ. ಆಗ ಅಂಟಿದ್ದರಲ್ಲಿ ಅರ್ಧ 0.7 ಸೆಕೆಂಡಿನಲ್ಲೇ ಬಿಟ್ಟುಹೋಗುತ್ತದೆ. ತೊಳೆದ ಮೇಲೆ ಎಣಿಸಲು ಏನೂ ಉಳಿದಿರುವುದಿಲ್ಲ. ಇಂಥ ಸಡಿಲ ಬಂಧನಕ್ಕೆ, ತೊಳೆಯದೆಯೇ ಜರಡಿಪೊರೆಯ ಎರಡೂ ಬದಿಯ ಹಾರ್ಮೋನನ್ನು ಹೋಲಿಸುವ ಸಮತೋಲ ಡಯಾಲಿಸಿಸ್ಸೇ ಸರಿ.

ವಿಕಿರಣವಿಲ್ಲದ ದಾರಿಯೂ ಇದೆ. ಟೆಸ್ಟೋಸ್ಟಿರಾನ್ ಪಿ-450ಕ್ಕೆ ಕೂತಾಗ ವ್ಯತ್ಯಾಸ ರೋಹಿತದಲ್ಲಿ (ಹಾರ್ಮೋನು ಇರುವ, ಇಲ್ಲದ ಮಾದರಿಗಳು ಬೆಳಕು ಹೀರುವುದರ ವ್ಯತ್ಯಾಸ) ಸುಮಾರು 390 ನ್ಯಾನೋಮೀಟರಿನಲ್ಲಿ ಉಬ್ಬು, 420ರಲ್ಲಿ ತಗ್ಗು ಕಾಣುತ್ತದೆ. ಹಾರ್ಮೋನು ಕರಗಿಸಲು ಬಳಸುವ ಎಥನಾಲ್ ಇದಕ್ಕೆ ತಿರುಗುಮುರುಗಾದ ರೋಹಿತ ಕೊಡುತ್ತದೆ, ಆದ್ದರಿಂದ ಎರಡೂ ಕ್ಯೂವೆಟ್‌ಗಳಿಗೆ ಅಷ್ಟೇ ಎಥನಾಲ್ ಬೀಳಬೇಕು. ಎನ್‌ಎಡಿಪಿಎಚ್ (ಈ ಕಿಣ್ವಗಳಿಗೆ ಎಲೆಕ್ಟ್ರಾನ್ ಒದಗಿಸುವ ಅಣು) ಬೇಡ, ಅದಿದ್ದರೆ ಹಾರ್ಮೋನು ಉತ್ಕರ್ಷಣಗೊಂಡು, ಅಳೆಯುತ್ತಿರುವುದು ಟೆಸ್ಟೋಸ್ಟಿರಾನೋ ಅದರ ಉತ್ಪನ್ನವೋ ಎಂದು ಹೇಳಲಾಗುವುದಿಲ್ಲ.