ಹಾಡೇ ಗೊತ್ತಿಲ್ಲದವನ ಹತ್ತಿರ ಎಂಟು ಟಿಕೆಟ್

‘ನಂಗೆ ಅವ್ರ ಹಾಡೇ ಗೊತ್ತಿಲ್ಲ ಅಕ್ಕಾ. ನಾನ್ಯಾಕೆ ಹೋಗ್ಲಿ?’

ಬ್ಲಾಕ್‌ನಲ್ಲಿ ಟಿಕೆಟ್ ಮಾರುವ ಹುಡುಗನೊಬ್ಬ ಫೋನಿನಲ್ಲಿ ಹೇಳಿದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಗಾಯಕಿಯೊಬ್ಬರ ಬೆಂಗಳೂರು ಕಾರ್ಯಕ್ರಮದ ಎಂಟು ಟಿಕೆಟ್ ಅವನ ಹತ್ತಿರ ಇದ್ದವು. ಒಂದೂವರೆ ಸಾವಿರದ ಟಿಕೆಟ್‌ಗೆ ಆರು ಸಾವಿರ ಹೇಳಿದ. ‘ಇಷ್ಟೊಂದು ಇಟ್ಕೊಂಡಿದೀಯ, ನೀನು ಹೋಗಲ್ವೇನಪ್ಪಾ?’ ಅಂತ ಕೇಳಿದ್ದಕ್ಕೆ ಬಂದ ಉತ್ತರ ಅದು. ಒರಟಾಗೇನೂ ಮಾತಾಡಲಿಲ್ಲ, ಮರ್ಯಾದೆಯಿಂದಲೇ ಹೇಳಿದ. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

ನಮ್ಮಮ್ಮನಿಗೆ ಆ ಗಾಯಕಿಯ ಹಾಡೆಲ್ಲ ಬಾಯಿಪಾಠ. ರೇಡಿಯೊದಲ್ಲಿ ಅವರ ದನಿ ಬಂದರೆ ಸೌಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದಳು. ಎಷ್ಟೋ ಸಲ ಒಗ್ಗರಣೆ ಸೀದುಹೋಗಿದೆ. ಎರಡನೇ ಚರಣದಲ್ಲಿ ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನೋದೂ ಅವಳಿಗೆ ಗೊತ್ತು. ಅವರೀಗ ಸ್ಟೇಜ್ ಮೇಲೆ ಹಾಡೋದೇ ಅಪರೂಪ. ಬೆಂಗಳೂರಿಗೆ ಬರುತ್ತಿದ್ದಾರೆ ಅಂದಾಗ ಅಮ್ಮ ಉಡುವ ಸೀರೆಯನ್ನೂ ತೆಗೆದಿಟ್ಟಿದ್ದಳು.

ಟಿಕೆಟ್ ಬಿಡುವ ದಿನ ಮೊದಲೇ ಲಾಗಿನ್ ಆಗಿ ಕೂತಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಮೊಬೈಲನ್ನೇ ನೋಡುತ್ತಿದ್ದಳು. ಕ್ಯೂನಲ್ಲಿ ನಮ್ಮ ಮುಂದೆ ಸಾವಿರಾರು ಜನ. ನಮ್ಮ ಸರದಿ ಬರುವಷ್ಟರಲ್ಲಿ ಸೀಟುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು.

‘ಕೌಂಟರ್ ಎಲ್ಲಿದೆ ಹೇಳು, ನಾನೇ ಹೋಗಿ ನಿಲ್ತೀನಿ’ ಅಂದಳು.

‘ಕೌಂಟರ್ ಇಲ್ಲಮ್ಮ.’

‘ಮತ್ತೆ ಇಂಥ ಮೊಬೈಲ್ ಇಲ್ಲದವರು?’

ಏನಂತ ಹೇಳಲಿ? ಸಂಜೆಗೆಲ್ಲ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಈ ಹುಡುಗನ ನಂಬರ್ ಹಾಕಿದರು.

ಬ್ಲಾಕ್ ಟಿಕೆಟ್ ಬೆಂಗಳೂರಿಗೆ ಹೊಸದಲ್ಲ. ಮೆಜೆಸ್ಟಿಕ್‌ನ ಥಿಯೇಟರ್‌ಗಳ ಮುಂದೆ ಪಕ್ಕಕ್ಕೆ ಬಂದು ಪಿಸುಗುಟ್ಟುತ್ತಿದ್ದವರನ್ನು ನಾವೆಲ್ಲ ನೋಡಿದ್ದೇವೆ. ಪೊಲೀಸ್ ಕಂಡರೆ ಗಲ್ಲಿಗೆ ನುಗ್ಗುತ್ತಿದ್ದರು. ಈಗ ಮನೆಯಲ್ಲೇ ಕೂತು ಹತ್ತಾರು ಅಕೌಂಟ್‌ನಿಂದ ಬುಕ್ ಮಾಡಿದರೆ ಆಯಿತು, ಓಡುವ ಕಷ್ಟವೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರಾಕ್ ತಂಡ ಕೋಲ್ಡ್‌ಪ್ಲೇಯ ಮುಂಬೈ ಶೋಗೆ ಟಿಕೆಟ್ ಬಿಟ್ಟಾಗ ಕಡಿಮೆ ಅಂದರೆ 2,500 ರೂಪಾಯಿ ಇತ್ತು. ಮರುಮಾರಾಟದಲ್ಲಿ ರೇಟು ಲಕ್ಷ ದಾಟಿತು. ದೇಶವೆಲ್ಲ ಗಲಾಟೆ ಆಯಿತು. ಆಮೇಲೆ ಎಲ್ಲರೂ ಮರೆತರು.

ನಿಜ ಹೇಳಬೇಕೆಂದರೆ ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದಾರಿ ತೆರೆದಿಟ್ಟ ಸಂಘಟಕರ ಮೇಲೆ ಸಿಟ್ಟು. ಟಿಕೆಟ್ ಮೊದಲು ಯಾವುದೋ ಬ್ಯಾಂಕಿನ ಕಾರ್ಡ್ ಇದ್ದವರಿಗೆ, ಆಮೇಲೆ ಪ್ರಾಯೋಜಕರಿಗೆ, ಉಳಿದದ್ದು ನಮಗೆ. ಸರಿಮಾಡಲು ಆಗೋದೇ ಇಲ್ಲ ಅಂತಲೂ ಅಲ್ಲ. ಜಪಾನಿನಲ್ಲಿ 2019ರಿಂದ ಇದಕ್ಕೆ ಕಾನೂನಿದೆ, ಐರ್ಲೆಂಡ್ 2021ರಲ್ಲಿ ಮಾಡಿತು. ದೊಡ್ಡ ಕಾರ್ಯಕ್ರಮದ ಟಿಕೆಟನ್ನು ಮೂಲ ಬೆಲೆಗಿಂತ ಜಾಸ್ತಿಗೆ ಮಾರುವುದು ಅಲ್ಲಿ ಅಪರಾಧ.

ಕಾರ್ಯಕ್ರಮದ ದಿನ ಮಧ್ಯಾಹ್ನ ಅದೇ ನಂಬರಿನಿಂದ ಮೆಸೇಜ್ ಬಂತು. ‘ಅಕ್ಕಾ, ಸಾವಿರಕ್ಕೆ ಕೊಡ್ತೀನಿ, ಬರ್ತೀರಾ?’ ಮೂಲ ಬೆಲೆಗಿಂತಲೂ ಕಡಿಮೆ! ಆಸೆ ಬಿಟ್ಟಿದ್ದ ಅಮ್ಮ ಅಷ್ಟೊತ್ತಿಗೆ ಗೃಹಪ್ರವೇಶಕ್ಕೆಂದು ಹಾಸನಕ್ಕೆ ಹೋಗಿಯಾಗಿತ್ತು. ಹೋಗಿಬಂದ ಗೆಳತಿ ಹೇಳಿದಳು, ನಡುನಡುವೆ ಸೀಟು ಖಾಲಿ ಇತ್ತಂತೆ. ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ದುಡ್ಡು ಕೊಟ್ಟ ಯಾರೋ ಅಲ್ಲಿ ಕೂತು ಕೇಳಿದ್ದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಯಾರೂ ಕೂರದ ಸೀಟಿಗಾಗಿ ಅಮ್ಮ ಆ ಹಾಡು ತಪ್ಪಿಸಿಕೊಳ್ಳಬೇಕಾಯಿತಲ್ಲ.

ಇದೇ ಊರಿನಲ್ಲಿ ಭೀಮಸೇನ ಜೋಶಿಯವರ ಹಾಡನ್ನು ಅಮ್ಮ ರಸ್ತೆ ಬದಿ ನಿಂತು ಕೇಳಿದ್ದಾಳೆ. 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. ಒಳಗೆ ಹೋಗಲು ಟಿಕೆಟ್ ಇಲ್ಲದವರು ಹೊರಗೆ ನಿಂತು ಕೇಳುತ್ತಿದ್ದರು. ಯಾರೂ ಓಡಿಸುತ್ತಿರಲಿಲ್ಲ.

ಸಂಘಟಕರಿಗೆ ಮೇಲ್ ಬರೆದಿದ್ದೇನೆ. ಟಿಕೆಟ್ ಮೇಲೆ ಹೆಸರು ಹಾಕಿ, ಗೇಟಿನಲ್ಲಿ ಗುರುತಿನ ಚೀಟಿ ನೋಡಿ ಬಿಡಿ. ಬರಲಾಗದವರಿಂದ ನೀವೇ ಅದೇ ಬೆಲೆಗೆ ವಾಪಸ್ ತಗೊಳ್ಳಿ. ಒಂದಿಷ್ಟು ಟಿಕೆಟ್ ಕೌಂಟರ್‌ನಲ್ಲಿಡಿ, ನಮ್ಮಮ್ಮನಂಥವರು ಬೆಳಗ್ಗೆ ಐದಕ್ಕೇ ಬಂದು ನಿಲ್ಲುತ್ತಾರೆ.